ಊರೂರು ಸುತ್ತಿ ನೆಂಟರಾದೆವು

ಹೋದ ತಿಂಗಳ ಸಂಚಿಕೆಯಲ್ಲಿ ಮೈಕ್ ಮುಂದೆ ಕೂತು ನಾನೊಂದು ಮಾತು ಹೇಳಿ ಅರ್ಧಕ್ಕೇ ಬಿಟ್ಟಿದ್ದೆ. "ಬೇರೆ ಬೇರೆ ಊರಲ್ಲಿರೋ ಗಂಡ ಹೆಂಡತಿ, ಸಿಕ್ಕ ವೀಕೆಂಡಿಗೆಲ್ಲ ಯುರೋಪಿನ ಹಳೇ ಊರುಗಳನ್ನ ಸುತ್ತೋದನ್ನ ನಿಲ್ಲಿಸಬೇಕು" ಅಂತ. ಅದಕ್ಕೆ ಬಂದ ಪ್ರತಿಕ್ರಿಯೆಯಲ್ಲಿ ಅರ್ಧ ನಗು, ಅರ್ಧ ಬೈಗುಳ. ಒಬ್ಬರು "ಮೇಡಂ, ಇದು ಹೊಟ್ಟೆ ತುಂಬಿದವರ ಸಮಸ್ಯೆ" ಅಂದರು. ಒಪ್ಪಿದೆ. ಆದರೆ ಹೊಟ್ಟೆ ತುಂಬಿದವರ ಸಂಸಾರವೂ ಒಡೆಯುತ್ತೆ ಸ್ವಾಮಿ, ನಮ್ಮ ಗೆಳೆಯರ ಬಳಗದಲ್ಲೇ ಎರಡು ಒಡೆದಿವೆ. ಇನ್ನೊಬ್ಬರು ಬರೆದದ್ದು ಮಾತ್ರ ನನ್ನನ್ನ ಬಹಳ ದಿನ ಕಾಡಿತು: "ನಮ್ಮ ಸಂಬಂಧ ನಿಂತಿರೋದೇ ಆ ಟ್ರಿಪ್ಪುಗಳ ಮೇಲೆ. ಅದನ್ನೂ ಕಿತ್ಕೋಬೇಡಿ."

ಈ ಬರಹ ಅವರಿಗೋಸ್ಕರ. ಕಿತ್ಕೊಳ್ಳೋಕೆ ನಾನ್ಯಾರು? ಆದರೆ ಅದರ ಮೇಲೆ ಸಂಬಂಧ ನಿಲ್ಲಲ್ಲ ಅನ್ನೋದನ್ನ ಮಾತ್ರ ಜೋರಾಗಿಯೇ ಹೇಳಬೇಕು ಅನ್ನಿಸಿದೆ.

ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಕಂಪನಿಯಲ್ಲಿ. ನನ್ನ ಗಂಡ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ, ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷ. ಮೊದಲ ವರ್ಷ ಬೆಂಗಳೂರಿನಲ್ಲಿ ಒಟ್ಟಿಗಿದ್ದೆವು. ಆಮೇಲೆ ಇಬ್ಬರಿಗೂ ಕೆಲವೇ ತಿಂಗಳ ಅಂತರದಲ್ಲಿ ಎರಡು ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು. "ಎರಡೂ ಯುರೋಪೇ ತಾನೆ, ಪಕ್ಕ ಪಕ್ಕ" ಅಂದುಕೊಂಡು ವಿಮಾನ ಹತ್ತಿದೆವು.

ಈ ಎರಡೂವರೆ ವರ್ಷದಲ್ಲಿ ನಾವು ಭೇಟಿಯಾಗಿರೋದು 57 ಸಲ. ಮೊನ್ನೆ ಫೋನಿನ ಫೋಟೋಗಳನ್ನ ಹಿಂದಕ್ಕೆ ತಳ್ಳುತ್ತಾ ಎಣಿಸಿದೆ. ಅದರಲ್ಲಿ 46 ಸಲ ಮೂರನೆಯ ಯಾವುದೋ ಊರಿನಲ್ಲಿ. ಕಲೋನ್, ಸ್ಟ್ರಾಸ್‌ಬರ್ಗ್, ಆಖೆನ್, ಟ್ರಿಯರ್, ಬ್ರೂಜ್, ಗೆಂಟ್, ಪ್ರಾಗ್, ವಿಯೆನ್ನಾ, ವೆನಿಸ್... ಒಟ್ಟು 31 ಊರು. ಅವನು ನನ್ನ ಮನೆಗೆ ಬಂದದ್ದು ಐದು ಸಲ. ನಾನು ಅವನ ಮನೆಗೆ ಹೋದದ್ದು ಆರು ಸಲ.

ಊರಲ್ಲಿ ಇದಕ್ಕೆ ಏನು ಹೆಸರು ಗೊತ್ತಾ? ಪುಣ್ಯ. ನನ್ನ ಸ್ಟೇಟಸ್ ನೋಡಿ ಚಿಕ್ಕಮ್ಮ ಫೋನ್ ಮಾಡಿ, "ಪುಣ್ಯ ಮಾಡಿದ್ದೀಯ ಕಣೇ, ನಾವು ಮದ್ವೆಯಾಗಿ ಮೂವತ್ತು ವರ್ಷಕ್ಕೆ ಊಟಿ ನೋಡಿದ್ವಿ. ನಿಮ್ದು ಹನಿಮೂನ್ ಮುಗ್ದೇ ಇಲ್ವಲ್ಲ" ಅಂತಾರೆ. ಅತ್ತೆಯವರು ಕೂಡ ನೆಂಟರಿಷ್ಟರಿಗೆ ನಮ್ಮ ಫೋಟೋ ತೋರಿಸಿ "ಮಗ ಸೊಸೆ ವಾರಕ್ಕೊಂದು ದೇಶ" ಅಂತಾರೆ. ಯಾರೂ ಒಂದು ಸಲವೂ "ಮನೇಲಿ ಏನು ಅಡುಗೆ ಇವತ್ತು, ಇಬ್ರೂ ಒಟ್ಟಿಗೆ ಉಂಡ್ರಾ?" ಅಂತ ಕೇಳಲಿಲ್ಲ. ಕೇಳಿದ್ದರೆ ಉತ್ತರ ಇರಲಿಲ್ಲ ಬಿಡಿ.

ನಾನು ಹಾಸನದವಳು. ಹಾಸನದ ಮಕ್ಕಳಿಗೆ ಬೇಲೂರು, ಹಳೇಬೀಡು ಅಂದರೆ ಏನು ಅಂತ ಹಾಸನದವರನ್ನೇ ಕೇಳಬೇಕು. ಅದು ನೆಂಟರು ಬಂದಾಗ ಹೋಗುವ ಜಾಗ. ಬೆಂಗಳೂರಿನ ದೊಡ್ಡಪ್ಪ ಬಂದರೆ ಬೇಲೂರು, ಮುಂಬೈ ಅತ್ತೆ ಬಂದರೆ ಬೇಲೂರು, ಅಪ್ಪನ ಆಫೀಸಿನ ಸಾಹೇಬರು ಬಂದರೆ ಹಳೇಬೀಡೂ ಸೇರಿಸಿ. ಗೈಡು ಹೇಳುವ ಮಾತೆಲ್ಲ ಅಪ್ಪನಿಗೆ ಬಾಯಿಪಾಠ ಆಗಿಹೋಗಿತ್ತು. 2023ರಲ್ಲಿ ಆ ದೇವಸ್ಥಾನಗಳನ್ನ ಯುನೆಸ್ಕೋ ಪಟ್ಟಿಗೆ ಸೇರಿಸಿದಾಗ ನಾನಿಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದೆ. ಆದರೆ ನಾವು ನಾಲ್ಕೇ ಜನ, ಅಪ್ಪ ಅಮ್ಮ ತಮ್ಮ ನಾನು, ಸುಮ್ಮನೆ ಒಂದು ಭಾನುವಾರ ಬೇಲೂರಿಗೆ ಹೋದದ್ದು ನನಗೆ ನೆನಪೇ ಇಲ್ಲ.

ನೆಂಟರಿದ್ದಷ್ಟು ದಿನ ಮನೆಯ ರೀತಿಯೇ ಬೇರೆ. ಅಮ್ಮ ಅಟ್ಟದಿಂದ ಒಳ್ಳೆ ತಟ್ಟೆ ಇಳಿಸುತ್ತಿದ್ದಳು. ಬೆಳಗ್ಗೆ ಕೇಸರಿಬಾತ್, ರಾತ್ರಿ ಹೋಳಿಗೆ. ಅಪ್ಪ ಅಮ್ಮನ ಮಧ್ಯೆ ಎತ್ತರದ ದನಿಯೇ ಇಲ್ಲ. ನೆಂಟರ ಬಸ್ಸು ಹೊರಟು ಗೇಟು ಹಾಕಿದ ಮೇಲೆ, ನಾಲ್ಕು ದಿನದಿಂದ ಕಾದಿದ್ದ ಜಗಳ ಶುರುವಾಗುತ್ತಿತ್ತು: ಅಜ್ಜಿಯ ಆಸ್ಪತ್ರೆ ಖರ್ಚು, ತಮ್ಮನ ಟ್ಯೂಷನ್ ಫೀಸು, ಯಾರ ತವರಿಗೆ ಯಾವ ಹಬ್ಬಕ್ಕೆ ಹೋಗೋದು. ಆಗ ನನಗೆ ನೆಂಟರೇ ಇರಬಾರದಾ ಯಾವಾಗ್ಲೂ ಅನ್ನಿಸೋದು. ಈಗ ಗೊತ್ತಾಗುತ್ತೆ, ಆ ಜಗಳವೇ ಸಂಸಾರವಾಗಿತ್ತು, ಕೇಸರಿಬಾತ್ ಅಲ್ಲ.

ನನ್ನ ವಾದ ಇಷ್ಟೇ. ನೋಡುವಂಥ ಊರಿಗೆ ನಾವು ಕರೆದುಕೊಂಡು ಹೋಗೋದು ನೆಂಟರನ್ನ. ಗಂಡ ಹೆಂಡತಿ ಒಬ್ಬರನ್ನೊಬ್ಬರು 46 ಸಲ ಹಾಗೆ ಕರೆದುಕೊಂಡು ಹೋದರೆ, ಒಬ್ಬರಿಗೊಬ್ಬರು ನೆಂಟರಾಗುತ್ತಾರೆ.

ವೀಕೆಂಡಿನ ಗಂಟೆಗಳನ್ನೇ ಲೆಕ್ಕ ಹಾಕಿ. ಶುಕ್ರವಾರ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಓಡುತ್ತೇನೆ. ಅವನು ಅತ್ತ ಕಡೆಯಿಂದ ವೆನ್ಲೋದಲ್ಲಿ ಗಡಿ ದಾಟಿ, ರೈಲು ಬದಲಿಸಿ ಬರುತ್ತಾನೆ. ರೈಲುಗಳು ಹೇಳಿದ ಹೊತ್ತಿಗೆ ಬಂದರೆ ರಾತ್ರಿ ಒಂಬತ್ತೂವರೆಗೆ ಕಲೋನ್ ಸ್ಟೇಷನ್ನಿನಲ್ಲಿ ಸಿಗುತ್ತೇವೆ. ಭಾನುವಾರ ಸಂಜೆ ನಾಲ್ಕಕ್ಕೆ ವಾಪಸ್ ರೈಲು. ಒಟ್ಟು 42 ಗಂಟೆ 30 ನಿಮಿಷ. ಅದರಲ್ಲಿ ನಿದ್ದೆ 16 ಗಂಟೆ. ಉಳಿದದ್ದರಲ್ಲಿ ಕ್ಯೂ, ಟಿಕೆಟ್ಟು, ಹೋಟೆಲಿನಲ್ಲಿ ಬ್ಯಾಗ್ ಇಡೋದು, ಮತ್ತೆ ತಗೊಳ್ಳೋದು, ಎಲ್ಲಿ ವೆಜ್ ಸಿಗುತ್ತೆ ಅಂತ ಮ್ಯಾಪ್ ನೋಡೋದು. ಒಂದು ಸಲ ನಾವಿಬ್ಬರೂ ಇಡೀ ಶನಿವಾರ ಆಡಿದ ಮಾತನ್ನ ರಾತ್ರಿ ನೆನಪು ಮಾಡಿಕೊಂಡೆ. "ಎಷ್ಟೊತ್ತಿಗೆ ಮುಚ್ಚುತ್ತೆ?" "ಈ ಕಡೆ ನಿಲ್ಲು, ಬೆಳಕು ಚೆನ್ನಾಗಿದೆ." "ಕಾಲು ನೋಯ್ತಿದ್ಯಾ?" "ಇನ್ನೊಂದು ಚರ್ಚ್ ಬಾಕಿ ಇದೆ, ನೋಡಿಬಿಡೋಣ." ಇದೇ ಮಾತನ್ನ ಟೂರ್ ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆಗೂ ಆಡಬಹುದಿತ್ತು.

ಬ್ರೂಜ್‌ನಲ್ಲಿ ಆದದ್ದು ಹೇಳಲೇಬೇಕು. ಕಾಲುವೆಯ ಪಕ್ಕ ಕಲ್ಲಿನ ಕಟ್ಟೆ ಮೇಲೆ ಕೂತಿದ್ದೆವು. ಮಾತಿನ ನಡುವೆ ಅವನು, ಮೈಸೂರಿನಲ್ಲಿ ಅವರಪ್ಪ ನೋಡಿದ್ದ ಒಂದು ಸೈಟಿಗೆ ತಾನು ಹೂಂ ಅಂದಿರೋದು, ಅದಕ್ಕೆ ತಿಂಗಳು ತಿಂಗಳು ಇಎಂಐ ಕಟ್ಟೋದು, ಹೇಳಿದ. ನನ್ನನ್ನ ಕೇಳಿರಲಿಲ್ಲ. ಅವನ ಪ್ರಕಾರ ಅದರಲ್ಲಿ ಕೇಳೋದೇನಿದೆ, ಇಬ್ಬರ ಹೆಸರಲ್ಲೇ ತಾನೆ. ನನ್ನ ಪ್ರಕಾರ, ನಾವು ಯಾವ ದೇಶದಲ್ಲಿ ಒಟ್ಟಿಗಿರುತ್ತೇವೆ ಅನ್ನೋದೇ ಗೊತ್ತಿಲ್ಲದಾಗ ಇಪ್ಪತ್ತು ವರ್ಷದ ಸಾಲವನ್ನ ಫೋನಿನಲ್ಲಿ ಅಪ್ಪನಿಗೆ ಹೂಂ ಅಂದುಬಿಡೋದು ಅಂದರೇನು? ನಾನು ಬಾಯಿ ತೆಗೆದೆ. ಅಷ್ಟರಲ್ಲಿ ದೋಣಿಯ ಸರದಿ ಬಂತು. ಅವನು ನನ್ನ ಕೈ ಹಿಡಿದು, "ಈಗ ಬೇಡ ಕಣೇ, ಟ್ರಿಪ್ ಹಾಳಾಗುತ್ತೆ" ಅಂದ. ನಾನೂ ಸರಿ ಅಂದೆ. ದೋಣಿಯಲ್ಲಿ ಇಬ್ಬರೂ ನಗುತ್ತಿರುವ ಫೋಟೋ ಇದೆ, ತುಂಬಾ ಚೆನ್ನಾಗಿ ಬಂದಿದೆ. ಆ ಮಾತು ಮತ್ತೆ ಬಂದದ್ದು ಏಳು ವಾರದ ನಂತರ, ಫೋನಿನಲ್ಲಿ, ಮಧ್ಯರಾತ್ರಿ, ಇಬ್ಬರೂ ಕೂಗಾಡಿಕೊಂಡು. ಆ ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

"ಟ್ರಿಪ್ ಹಾಳಾಗುತ್ತೆ." ನಿಮ್ಮಲ್ಲಿ ಎಷ್ಟು ಜನ ಈ ಮಾತು ಆಡಿದ್ದೀರಿ, ಕೇಳಿದ್ದೀರಿ? 300 ಯೂರೋ ಹೋಟೆಲು, ಮೂರು ತಿಂಗಳ ಮೊದಲೇ ತಗೊಂಡ ಟಿಕೆಟ್ಟು, ಇವೆಲ್ಲ ಸೇರಿ ಜಗಳಕ್ಕೆ ಒಂದು ಬೆಲೆ ಕಟ್ಟಿಬಿಟ್ಟಿರುತ್ತವೆ. ಅಷ್ಟು ದುಬಾರಿ ಜಗಳ ಯಾರಿಗೂ ಬೇಡ. ಹಾಗಾಗಿ ನಗುತ್ತೇವೆ. ನಕ್ಕೂ ನಕ್ಕೂ ಒಂದು ದಿನ ಎದುರಿಗಿರೋರು ಯಾರು ಅಂತಲೇ ಗೊತ್ತಾಗದ ಹಾಗಾಗುತ್ತೆ.

ನನಗೆ ಅದು ಗೊತ್ತಾದದ್ದು ಈ ಜನವರಿಯಲ್ಲಿ, ಜ್ವರ ಬಂದಾಗ. ಆ ವಾರ ಪ್ರಾಗ್‌ಗೆ ಟಿಕೆಟ್ ಆಗಿತ್ತು. 1410ರಲ್ಲಿ ಕೂರಿಸಿದ ಆ ಗಡಿಯಾರದ ಮುಂದೆ ಎರಡನೇ ಸಲ ನಿಲ್ಲುವ ಯೋಜನೆ. ನನಗೆ 39 ಡಿಗ್ರಿ ಜ್ವರ. ಅವನು ಪ್ರಾಗ್ ಬಿಟ್ಟು ಸ್ಟುಟ್‌ಗಾರ್ಟಿಗೆ ಬಂದ. ನನ್ನ ಮನೆಗೆ ಅವನು ಬಂದು ಐದು ತಿಂಗಳಾಗಿತ್ತು. ಬಂದವನೇ ಕೈ ತೊಳೆದು, ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ: "ಲೋಟ ಎಲ್ಲಿದೆ?" ಆಮೇಲೆ, "ಫ್ರಿಜ್ ತೆಗೀಲಾ?"

ಫ್ರಿಜ್ ತೆಗೆಯೋಕೆ ಗಂಡ ಪರ್ಮಿಷನ್ ಕೇಳಿದ. ಜ್ವರದಲ್ಲಿ ಅಳು ಬೇಗ ಬರುತ್ತೆ ಅಂತ ಇಟ್ಟುಕೊಳ್ಳಿ. ನಾನು ಅತ್ತೆ.

ಗಂಜಿ ಮಾಡಿದ. ಉಪ್ಪಿನ ಡಬ್ಬಿ ಹುಡುಕೋಕೆ ಹತ್ತು ನಿಮಿಷ. ಹಾಗೆ ಹುಡುಕುವಾಗ ಕಪಾಟಿನಲ್ಲಿ ನನ್ನ ಥೈರಾಯ್ಡ್ ಮಾತ್ರೆ ಸಿಕ್ಕಿತು. ಎಂಟು ತಿಂಗಳಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳುತ್ತಿದ್ದೇನೆ. ಅವನಿಗೆ ಗೊತ್ತಿರಲಿಲ್ಲ. ನಾನು ಮುಚ್ಚಿಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೋಟೆಲಿನಲ್ಲಿ ಅವನು ಏಳುವ ಮೊದಲೇ ತಗೊಂಡಿರುತ್ತಿದ್ದೆ, ಆಮೇಲೆ ತಿಂಡಿ, ಆಮೇಲೆ ಚರ್ಚು. ಫೋನಿನಲ್ಲಿ ಹೇಳೋಣ ಅಂದರೆ, ವಾರವೆಲ್ಲ ದುಡಿದು ಬಂದ ಇಬ್ಬರ ಫೋನಿನ ಮಾತು ಮುಂದಿನ ಊರಿನ ಟಿಕೆಟ್ ಬಗ್ಗೆಯೇ ಇರುತ್ತಿತ್ತು. ಹೇಳುವ ಸಂದರ್ಭವೇ ಬರಲಿಲ್ಲ. ಎಂಟು ತಿಂಗಳು!

ನನ್ನದೂ ತಪ್ಪಿದೆ. ಮುಂದಿನ ತಿಂಗಳು ನಾನು ಐಂಡ್‌ಹೋವನ್‌ಗೆ ಹೋದೆ. ಮಂಗಳವಾರ ರಜೆ ಹಾಕಿ ಉಳಿದೆ. ಸಂಜೆ ಅವನು ಒಂದು ಅಂಗಡಿಗೆ ಕರೆದುಕೊಂಡು ಹೋದ. ಸುರಿನಾಮ್ ಮೂಲದವರ ರೋಟಿ ಅಂಗಡಿ. ಅವರ ಮುತ್ತಜ್ಜಂದಿರು ಉತ್ತರ ಹಿಂದೂಸ್ತಾನದಿಂದ ಕೂಲಿಗಳಾಗಿ ಹಡಗು ಹತ್ತಿದವರು. ಅಂಗಡಿಯ ಅಜ್ಜ ಇವನನ್ನ ನೋಡಿದ ಕೂಡಲೇ ಕೇಳದೆಯೇ ತಟ್ಟೆ ತಂದಿಟ್ಟ. ಇವನು ಎರಡು ವರ್ಷದಿಂದ ಪ್ರತಿ ಮಂಗಳವಾರ ಅಲ್ಲೇ ಊಟ ಮಾಡುತ್ತಾನಂತೆ. "ಮಂಗಳವಾರ ಒಬ್ಬನೇ ಇರೋಕೆ ಯಾಕೋ ಆಗಲ್ಲ" ಅಂದ. ನನ್ನ ಗಂಡನಿಗೆ ಮಂಗಳವಾರ ಕಷ್ಟ ಅನ್ನೋದು ಒಬ್ಬ ಅಪರಿಚಿತ ಅಜ್ಜನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸ್ಟ್ರಾಸ್‌ಬರ್ಗಿನ ಚರ್ಚಿಗೆ ಒಂದೇ ಗೋಪುರ, ಎತ್ತರ 142 ಮೀಟರ್ ಅನ್ನೋದು.

"ಸರಿ, ಸಂಸಾರದ ಮಾತು ಆಯ್ತು. ಆದ್ರೆ ಇತಿಹಾಸ ನೋಡಬಾರದಾ? ಯುರೋಪಿಗೆ ಬಂದು ಮನೇಲಿ ಕೂತು ಸಾರು ಕುದಿಸೋದಾ?" ಅಂತ ಕೇಳುತ್ತೀರಿ. ಕೇಳಿ. ನಾವು ಆ ಊರುಗಳನ್ನಾದರೂ ನೆಟ್ಟಗೆ ನೋಡಿದೆವಾ?

ಕಲೋನಿನ ದೊಡ್ಡ ಚರ್ಚನ್ನೇ ತಗೊಳ್ಳಿ. 1248ರಲ್ಲಿ ಕಟ್ಟೋಕೆ ಶುರು ಮಾಡಿದರು. 1560ರ ಸುಮಾರಿಗೆ ನಿಂತುಹೋಯಿತು. ಮುಗಿದದ್ದು 1880ರಲ್ಲಿ. ಒಟ್ಟು 632 ವರ್ಷ. ನಾವು ಮೊದಲ ಸಲ ಅದಕ್ಕೆ ಕೊಟ್ಟದ್ದು 40 ನಿಮಿಷ. ಹೊರಗೆ ಬಂದು ನಾನು ಹಾಕಿದ ಕ್ಯಾಪ್ಷನ್ ಹೇಳೋಕೆ ಈಗ ನಾಚಿಕೆಯಾಗುತ್ತೆ: "ಒಳ್ಳೆಯದಕ್ಕೆ 632 ವರ್ಷ ಬೇಕು. ನಾವೂ ಕಾಯ್ತೀವಿ." ಕೆಳಗೆ ಹೃದಯದ ಇಮೋಜಿ. ಲೈಕುಗಳ ಮಳೆ.

ಆಮೇಲೆ, ಬಹಳ ಆಮೇಲೆ, ಒಬ್ಬಳೇ ಕೂತು ಅದರ ಕತೆ ಓದಿದೆ. ಆ ಚರ್ಚು ಕಾದು ಕಾದು ಮುಗಿದದ್ದಲ್ಲ! ಕಾದಷ್ಟು ದಿನ ಅದು ಮುಗಿಯಲೇ ಇಲ್ಲ. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ಮೇಲೆ ಮರದ ಕ್ರೇನೊಂದು ಸುಮಾರು 400 ವರ್ಷ ಹಾಗೇ ನಿಂತಿತ್ತು. ಊರವರಿಗೆ ಅದು ಎಷ್ಟು ಅಭ್ಯಾಸವಾಗಿತ್ತು ಅಂದರೆ ಆ ಕ್ರೇನೇ ಊರಿನ ಗುರುತಾಗಿತ್ತು, ಹಳೆಯ ಚಿತ್ರಗಳಲ್ಲೆಲ್ಲ ಅದು ಕಾಣುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಮುಂಭಾಗದ ಹಳೆಯ ನಕ್ಷೆ ಸಿಕ್ಕಿತು. ಅದೂ ಎರಡು ತುಂಡಾಗಿ. ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು 1816ರಲ್ಲಿ ಪ್ಯಾರಿಸ್ಸಿನಲ್ಲಿ. ಆಮೇಲೆ ಊರಿನ ಜನ ಸಂಘ ಕಟ್ಟಿಕೊಂಡು ದುಡ್ಡು ಎತ್ತಿದರು, ಪ್ರಷ್ಯಾದ ದೊರೆ ತನ್ನ ಪಾಲು ಹಾಕಿದ. 1842ರಲ್ಲಿ ಮತ್ತೆ ಕಲ್ಲು ಇಟ್ಟು, 38 ವರ್ಷದಲ್ಲಿ 157 ಮೀಟರ್ ಎತ್ತರಕ್ಕೆ ನಿಲ್ಲಿಸಿದರು.

ನಕ್ಷೆಯ ಎರಡು ತುಂಡು ಎರಡು ಊರಲ್ಲಿತ್ತು. ಅವನ್ನ ಒಂದು ಮೇಜಿನ ಮೇಲೆ ಜೋಡಿಸಿದರು, ದುಡ್ಡಿನ ಲೆಕ್ಕ ಹಾಕಿದರು, ದಿನ ಗೊತ್ತು ಮಾಡಿದರು. ಆಗ ಮುಗಿಯಿತು. ಇದನ್ನ 40 ನಿಮಿಷದಲ್ಲಿ, ಸೆಲ್ಫಿ ನಡುವೆ, ನಾನು ನೋಡಲಿಲ್ಲ. ನೋಡಿದ್ದರೆ ಆ ಕ್ಯಾಪ್ಷನ್ ಹಾಕುತ್ತಿರಲಿಲ್ಲ.

ಅಲ್ಲೇ ಪಕ್ಕದಲ್ಲಿ ರೈನ್ ನದಿಯ ಮೇಲಿನ ರೈಲು ಸೇತುವೆ. ಕಂಬಿಗಳ ಉದ್ದಕ್ಕೂ ಪ್ರೇಮಿಗಳು ಹಾಕಿದ ಬೀಗಗಳು. ನಾವೂ ಒಂದು ಹಾಕಿದೆವು, ಹೆಸರು ಕೆತ್ತಿಸಿ. ಕೀ ನದಿಗೆ ಎಸೆದೆವು. ಪ್ಯಾರಿಸ್ಸಿನಲ್ಲಿ ಇಂಥದ್ದೇ ಸೇತುವೆಯ ಕಂಬಿಯ ಒಂದು ಭಾಗ 2014ರಲ್ಲಿ ಬೀಗಗಳ ಭಾರಕ್ಕೆ ಕುಸಿಯಿತು, ಮರುವರ್ಷ ಅಲ್ಲಿಂದ ಸುಮಾರು 45 ಟನ್ ಬೀಗ ತೆಗೆಸಿದರು. ನಮ್ಮದು ಇನ್ನೂ ಇರಬೇಕು. ಆದರೆ ತಮಾಷೆ ನೋಡಿ. ಕಲೋನಿನ ಸೇತುವೆಯಲ್ಲಿ ನಮ್ಮ ಬೀಗ ಇತ್ತು, ಅವನ ಹತ್ತಿರ ನನ್ನ ಮನೆಯ ಕೀ ಇರಲಿಲ್ಲ. ಎರಡೂವರೆ ವರ್ಷ ಇಬ್ಬರಿಗೂ ಅದು ಬೇಕು ಅಂತ ಹೊಳೆಯಲೂ ಇಲ್ಲ.

ಆ ಊರುಗಳಿಗಾದರೂ ನಾವು ಬೇಕಾ? ವೆನಿಸ್ಸಿನ ಹಳೇ ಊರಲ್ಲಿ ಈಗ ವಾಸವಾಗಿರೋರು 50,000ಕ್ಕೂ ಕಡಿಮೆ. ಹಗಲು ಬಂದು ಹೋಗುವವರಿಗೆ 2024ರಿಂದ ಗೊತ್ತಾದ ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕ ಶುರು ಮಾಡಿದರು. ಆಮ್‌ಸ್ಟರ್‌ಡ್ಯಾಮ್, ಒಂದು ಹಳೇ ಹೋಟೆಲ್ ಮುಚ್ಚಿದರೆ ಮಾತ್ರ ಹೊಸದಕ್ಕೆ ಜಾಗ ಅನ್ನೋ ನಿಯಮ ತಂದಿದೆ. ಮನೆ ಇಲ್ಲದ ಎರಡು ಜೀವಗಳು ಅಲ್ಲಿಗೆ ಹೋಗಿ, ಅಲ್ಲಿನ ಮನೆಗಳನ್ನ ಹೋಟೆಲ್ ಮಾಡಿಸಿ ಬರುತ್ತೇವೆ. ಇದನ್ನ ಪ್ರೇಮ ಅಂತ ಕರೆಯುತ್ತೇವೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಸುತ್ತಿದ್ದು ಯಾಕೆ? ಒಂದು ಪ್ರಶ್ನೆ ತಪ್ಪಿಸಿಕೊಳ್ಳೋಕೆ. ಯಾರು ಕೆಲಸ ಬಿಡೋದು?

ಇಲ್ಲಿರೋರಿಗೆ ಈ ಕಾಗದದ ಲೆಕ್ಕ ಗೊತ್ತು. ನಾನು ಬ್ಲೂ ಕಾರ್ಡಿನಲ್ಲಿರೋಳು. ಜರ್ಮನ್ ಭಾಷೆ ಬಿ1 ಮಟ್ಟ ಮುಗಿಸಿದ್ದರೆ 21 ತಿಂಗಳಿಗೆ, ಎ1 ಮಾತ್ರ ಆಗಿದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. 2024ರ ಕಾನೂನಿನ ಪ್ರಕಾರ ಪೌರತ್ವಕ್ಕೆ ಐದು ವರ್ಷ. ಅವನಿಗೆ ಅಲ್ಲಿ ಡಚ್ ಸರ್ಕಾರದ ನುರಿತ ನೌಕರರ ಪರ್ಮಿಟ್, ಅಲ್ಲೂ ಪೌರತ್ವಕ್ಕೆ ಐದು ವರ್ಷ, ಜೊತೆಗೆ ಹೊರಗಿನಿಂದ ಬಂದ ಉದ್ಯೋಗಿಗಳಿಗೆ ಐದು ವರ್ಷದವರೆಗೆ ಸಿಗುವ ತೆರಿಗೆ ರಿಯಾಯಿತಿ. ಅಂದರೆ ಇಬ್ಬರ ಕೈಯಲ್ಲೂ ಒಂದೊಂದು ಗಡಿಯಾರ ಓಡುತ್ತಿದೆ. ಯಾರು ಗಡಿ ದಾಟಿದರೂ ಅವರ ಎಣಿಕೆ ಅಲ್ಲಿಗೆ ನಿಂತು, ಹೊಸ ದೇಶದಲ್ಲಿ, ಹೊಸ ಭಾಷೆಯಲ್ಲಿ, ಮೊದಲಿಂದ ಶುರು. ಒಂದೇ ಯುರೋಪು, ಪಕ್ಕ ಪಕ್ಕ ಅಂದುಕೊಂಡು ಬಂದ ನಮಗೆ ಇದು ತಡವಾಗಿ ಅರ್ಥವಾಯಿತು. ಪ್ರವಾಸಿಗೆ ಗಡಿ ಇಲ್ಲ. ಬಾಳೋಕೆ ಬಂದವರಿಗೆ ಇದೆ.

ಊರಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧ. ಅಮ್ಮ, ನನ್ನನ್ನ ಇಂಜಿನಿಯರಿಂಗ್ ಓದಿಸೋಕೆ ಚಿನ್ನ ಅಡ ಇಟ್ಟ ನನ್ನಮ್ಮ, ಹೇಳುತ್ತಾಳೆ: "ಹೆಣ್ಣುಮಗಳು ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಪ್ಪ." ಅತ್ತೆಯವರು ಹೇಳೋದೂ ಇಲ್ಲ, ನಾನು ಹೋಗುತ್ತೇನೆ ಅಂದುಕೊಂಡೇ ಮಾತಾಡುತ್ತಾರೆ: "ನೀನು ಅಲ್ಲಿಗೆ ಹೋದ್ಮೇಲೆ ಅವನ ಊಟ ಸರಿಹೋಗುತ್ತೆ." ನನ್ನ ಗಂಡ ಕೆಟ್ಟವನಲ್ಲ. ಬಾಯಿಬಿಟ್ಟು ಯಾವತ್ತೂ ಬಾ ಅಂದಿಲ್ಲ. ಆದರೆ ನಾನು ಬರ್ತೀನಿ ಅಂತಲೂ ಅಂದಿರಲಿಲ್ಲ. ಮಾತು ತೆಗೆದರೆ ನಾನೇ ಬಿಟ್ಟು ಹೋಗಬೇಕಾಗುತ್ತೆ ಅನ್ನೋ ಭಯ ನನಗೆ. ಮಾತು ತೆಗೆದರೆ ಇವಳು "ನೀನೇ ಬಾ" ಅಂತಾಳೆ ಅನ್ನೋ ಭಯ ಅವನಿಗೆ. ಇಬ್ಬರಿಗೂ ಮುಂದೂಡಬೇಕಿತ್ತು. ಮುಂದೂಡೋಕೆ ಒಂದು ಚೆಂದದ ನೆಪ ಬೇಕಿತ್ತು. ಯುರೋಪಿನಲ್ಲಿ ಚೆಂದದ ಊರುಗಳಿಗೇನು ಕೊರತೆಯಾ?

ದುಡ್ಡನ್ನೂ ಹೇಳಿಬಿಡುತ್ತೇನೆ. ಒಂದು ಟ್ರಿಪ್ಪಿಗೆ ಇಬ್ಬರದೂ ಸೇರಿ ಸರಾಸರಿ 350 ಯೂರೋ. 46 ಟ್ರಿಪ್ಪಿಗೆ 16,000 ದಾಟುತ್ತೆ. ನಮ್ಮಲ್ಲಿ ಒಬ್ಬರು ಆರು ತಿಂಗಳು ಸಂಬಳವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಕೂತು, ಭಾಷೆ ಕಲಿತು, ಕೆಲಸ ಹುಡುಕೋಕೆ ಸಾಕಾಗುವ ದುಡ್ಡು ಅದು. "ಕೆಲಸ ಬಿಟ್ಟರೆ ಹೇಗೆ ಬದುಕೋದು" ಅಂತ ಹೆದರುತ್ತಾ, ಆ ಹೆದರಿಕೆ ಮರೆಯೋಕೆ ಅದೇ ದುಡ್ಡನ್ನ ಸುರಿದೆವು.

ಎದುರು ವಾದಗಳಲ್ಲಿ ಒಂದನ್ನ ನಾನು ಪೂರ್ತಿ ಒಪ್ಪುತ್ತೇನೆ. ಮದುವೆಯಾಗದ ಜೋಡಿಗಳು, ಮನೆಯಲ್ಲಿ ಇನ್ನೂ ಹೇಳದವರು, ನಾಲ್ಕು ಜನ ಕನ್ನಡಿಗರ ಜೊತೆ ರೂಮು ಹಂಚಿಕೊಂಡಿರೋರು, ಇಂಥವರಿಗೆ ಮೂರನೇ ಊರಿನ ಹೋಟೆಲೇ ಇರುವ ಒಂದೇ ಬಾಗಿಲು. ಯಾರ ರೂಮಿಗೆ ಯಾರು ಬಂದರು ಅನ್ನೋದು ಇಲ್ಲಿಂದ ದಾವಣಗೆರೆಗೆ ಅರ್ಧ ಗಂಟೆಯಲ್ಲಿ ತಲುಪುತ್ತೆ, ನನಗೆ ಗೊತ್ತು. ನನ್ನ ಜಗಳ ನಿಮ್ಮ ಜೊತೆ ಅಲ್ಲ. ಹೋಗಿ ಬನ್ನಿ. ಆದರೆ ಅಲ್ಲೂ, ಒಂದು ಚರ್ಚು ಕಡಿಮೆ ನೋಡಿ. ರೂಮಿನಲ್ಲಿ ಕೂತು "ಮುಂದೇನು" ಅನ್ನೋ ಮಾತನ್ನ ತೆಗೀರಿ.

"ಮಧ್ಯದ ಊರು ಅಂದ್ರೆ ಇಬ್ರಿಗೂ ಸಮ, ಪ್ರಯಾಣ ಅರ್ಧ ಅರ್ಧ" ಅನ್ನೋರಿಗೆ: ಒಂದು ಸಲ ನೀವು ಹೋಗಿ, ಒಂದು ಸಲ ಅವರು ಬರಲಿ. ಅದೂ ಸಮವೇ. "ನನ್ನ ಊರಲ್ಲಿ ನೋಡೋಕೆ ಏನೂ ಇಲ್ಲ" ಅನ್ನೋರಿಗೆ: ಅದೇ ಬೇಕಾಗಿರೋದು! ನೋಡೋಕೆ ಏನೂ ಇಲ್ಲದ ಊರಲ್ಲಿ ಒಬ್ಬರನ್ನೊಬ್ಬರು ನೋಡುತ್ತೀರಿ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಂಗಟ್ಟೆಲ್ಲ ಬಂದ್. ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಬಂದ ಹೊಸದರಲ್ಲಿ ಈ ಭಾನುವಾರವನ್ನ ಶಪಿಸುತ್ತಿದ್ದೆ. ಈಗ ಅನ್ನಿಸುತ್ತೆ, ದೂರ ಇರುವ ಜೋಡಿಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಹೊರಗೆ ಹೋಗೋಕೆ ಎಲ್ಲೂ ಇಲ್ಲ, ಮಾತಾಡಿ.

ಊರು ನೋಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಹೋಗಿ. ಅಪ್ಪ ಅಮ್ಮ ಊರಿಂದ ಬಂದಾಗ ಕರೆದುಕೊಂಡು ಹೋಗಿ, ಅವರು ನೆಂಟರೇ. ಇಬ್ಬರೂ ಹೋಗೋದಾದರೆ 31 ಊರು ಬೇಡ, ಒಂದೇ ಊರಿಗೆ ಹತ್ತು ಸಲ ಹೋಗಿ, ಅಲ್ಲಿನ ತರಕಾರಿ ಅಂಗಡಿಯವನಿಗೆ ನಿಮ್ಮ ಮುಖ ಗುರುತು ಸಿಗುವಷ್ಟು. ನಾವು ಈಗ ಇಟ್ಟುಕೊಂಡಿರುವ ಕ್ರಮ ಇಷ್ಟು: ತಿಂಗಳಲ್ಲಿ ಒಂದು ವಾರ ಅವನ ಮನೆ, ಒಂದು ವಾರ ನನ್ನ ಮನೆ, ಒಂದು ವಾರ ಅವರವರ ಪಾಡಿಗೆ ಬಟ್ಟೆ ಒಗೆದುಕೊಂಡು ನಿದ್ದೆ. ನಾಲ್ಕನೆಯದು ಬೇಕಾದರೆ ಊರು. ಅದೂ, ತೀರ್ಮಾನವಾಗದ ಮಾತು ಬಾಕಿ ಇದ್ದರೆ ಊರು ಕ್ಯಾನ್ಸಲ್.

ಮಾರ್ಚಿಯ ಒಂದು ಶನಿವಾರ ನನ್ನ ಅಡುಗೆಮನೆ ಮೇಜಿನ ಮೇಲೆ ಎಲ್ಲ ಕಾಗದ ಹರಡಿದೆವು. ಅವನ ಕಾಂಟ್ರಾಕ್ಟು, ನನ್ನ ಕಾಂಟ್ರಾಕ್ಟು, ಪರ್ಮಿಟ್ಟುಗಳು, ಮೈಸೂರು ಸೈಟಿನ ಇಎಂಐ, ಎರಡು ಮನೆಯ ಬಾಡಿಗೆ. ಮಧ್ಯಾಹ್ನ ಶುರುವಾದದ್ದು ರಾತ್ರಿ ಎರಡಕ್ಕೂ ಮುಗಿಯಲಿಲ್ಲ. ಜೋರು ಜಗಳ ಆಯಿತು. ಸೈಟು ಬಂತು, ಬ್ರೂಜಿನ ದೋಣಿ ಬಂತು, ಎರಡೂ ಕಡೆ ಅಮ್ಮಂದಿರು ಬಂದರು. ಅವನು ಹಾಲಿನಲ್ಲಿ ಸೋಫಾ ಮೇಲೆ ಮಲಗಿದ. ಭಾನುವಾರ ಬೆಳಗ್ಗೆ ಮತ್ತೆ ಅಲ್ಲಿಂದಲೇ ಶುರು. ಸಂಜೆ ನಾಲ್ಕರ ರೈಲು ಹೋಗಿದ್ದು ಇಬ್ಬರಿಗೂ ಗೊತ್ತೇ ಆಗಲಿಲ್ಲ. ಸೋಮವಾರ ಬೆಳಗಿನ ಜಾವದ ರೈಲಿಗೆ ಹೋದ, ಅರ್ಧ ದಿನ ರಜೆ ಹಾಕಿ. ನಮ್ಮ 57 ಭೇಟಿಗಳಲ್ಲಿ ರೈಲು ತಪ್ಪಿಸಿಕೊಂಡದ್ದು ಅದೊಂದೇ.

ತೀರ್ಮಾನ ಹೀಗಾಯಿತು: ಡಿಸೆಂಬರ್‌ವರೆಗೆ ಅವನು ಸ್ಟುಟ್‌ಗಾರ್ಟ್ ಕಡೆ ಕೆಲಸ ಹುಡುಕುತ್ತಾನೆ. ಸಿಗದಿದ್ದರೆ ಜನವರಿಯಿಂದ ನಾನು ಐಂಡ್‌ಹೋವನ್ ಕಡೆ ಹುಡುಕುತ್ತೇನೆ. ಅವನ ಸರದಿ ಮೊದಲು ಯಾಕೆ ಅಂದರೆ, ನಾನು ಜರ್ಮನ್ ಕಲಿತಾಗಿದೆ, ಅವನಿಗೆ ಡಚ್ ಇನ್ನೂ ಬಂದಿಲ್ಲ. ಅಷ್ಟೇ ಕಾರಣ. ಊರಲ್ಲಿ ಇದನ್ನ ಹೇಳಿದಾಗ ಅತ್ತೆಯವರು ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಇಲ್ಲಿವರೆಗೆ ಅವನಿಗೆ ಎರಡು ಕಡೆಯಿಂದ ಇಲ್ಲ ಅಂತ ಉತ್ತರ ಬಂದಿದೆ. ಏನಾಗುತ್ತೋ ಹೇಳೋಕಾಗಲ್ಲ.

ಈ ಸ್ವಾಬಿಯಾ ಸೀಮೆಯ ಮನೆಗಳಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ಸರದಿಯ ಮೇಲೆ ಮನೆಮನೆಗೆ ಬರುತ್ತೆ. ನಿಮ್ಮ ಸರದಿ ಬಂದರೆ ಬಾಗಿಲಿಗೆ ಒಂದು ಫಲಕ ತಂದು ನೇತುಹಾಕುತ್ತಾರೆ. ಹೋದ ಸಲ ನಮ್ಮ ಸರದಿ ಬಂದಾಗ ಅವನು ಇಲ್ಲಿದ್ದ, ಮೂರು ಮಹಡಿಯ ಮೆಟ್ಟಿಲು ಅವನೇ ಒರೆಸಿದ. ಕೆಳಮನೆಯ ಅಜ್ಜಿ ಬಾಗಿಲು ತೆಗೆದು, ಮೂಲೆಯಲ್ಲಿ ಧೂಳು ಉಳಿದಿದೆ ಅಂತ ತೋರಿಸಿ, ಆಮೇಲೆ ನೀನು ಯಾರು ಅಂತ ಕೇಳಿದಳು. ಎರಡೂವರೆ ವರ್ಷದಿಂದ ನಾನು ಒಬ್ಬಳೇ ಅಂದುಕೊಂಡಿದ್ದಳಂತೆ. ಅವನು ತನ್ನ ಹರಕು ಜರ್ಮನ್‌ನಲ್ಲಿ, "ನಾನು ಈ ಮನೆಯವನು" ಅಂದ.

ಈ ಶನಿವಾರ ಫಲಕ ಮತ್ತೆ ನಮ್ಮ ಬಾಗಿಲಿಗೆ ಬರುತ್ತೆ. ಅವನು ಶುಕ್ರವಾರ ರಾತ್ರಿ ಬರುತ್ತಾನೆ. ಬೆಲ್ ಮಾಡೋದು ಬೇಡ, ಕೀ ಇದೆ.